ಬೇಲಿ ಓದಿದ ಹೆಸರುಗಳು

ಭಾನುವಾರ ಬೆಳಿಗ್ಗೆ ಮೈನ್ ಸ್ವಿಚ್ಚಿಗೆ ಕೆಂಪು ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದವನು ನಾನೇ. ಬೀಗದ ಜೊತೆ ತೂಗುವ ಚೀಟಿಯಲ್ಲಿ ನನ್ನ ಫೋಟೊ, ನನ್ನ ಹೆಸರು, ಮುಟ್ಟಿದರೆ ಜೀವಾಪಾಯ ಎಂಬ ಎಚ್ಚರಿಕೆ. ಆ ಕೀಲಿ ನನ್ನ ಜೇಬಿನಲ್ಲಿರುವಷ್ಟು ದಿನ ಆ ನಿಲಯದಲ್ಲಿ ಒಂದು ಬಲ್ಬೂ ಉರಿಯುವಂತಿಲ್ಲ. ಹಾಗೆಂದು ನಂಬಿದ್ದೆ. ನನ್ನ ಬೀಗವನ್ನು ನಾನು ದೇವರಷ್ಟೇ ನಂಬುವವನು.

ಕೆಲಸ ದೊಡ್ಡದೇನಲ್ಲ. ಸೌದಿಯ ಅಲ್ ಖೋಬರ್‌ನಿಂದ ಅಬ್ಕೈಕ್ ಕಡೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ, ಟಾರು ಮುಗಿದ ಮೇಲೂ ನಾಲ್ಕೈದು ಕಿಲೋಮೀಟರು ಹೋದರೆ ಉಪ್ಪು ನೆಲದ ನಡುವೆ ಒಂದು ಹಳೆಯ ಎ.ಎಂ. ರೇಡಿಯೊ ನಿಲಯ. ಒಂದು ಕಟ್ಟಡ, ಅಲ್ಲಿಂದ ಇನ್ನೂರು ಹೆಜ್ಜೆ ದೂರದಲ್ಲಿ ಟವರು, ಟವರಿನ ಪಕ್ಕ ಕಿಟಕಿಯಿಲ್ಲದ ಒಂದು ಕಾಂಕ್ರೀಟು ಗೂಡು, ಟವರಿನ ಬುಡದ ಸುತ್ತ ತುಕ್ಕು ಹಿಡಿದ ತಂತಿ ಬೇಲಿ. ಟವರನ್ನು ತುಂಡು ತುಂಡಾಗಿ ಇಳಿಸಿ ಗುಜರಿಗೆ ಸಾಗಿಸಿ ನೆಲ ಸಮ ಮಾಡಿಕೊಡಬೇಕು. ಕರೆಂಟಿನ ಜವಾಬ್ದಾರಿ ನನ್ನದು. ಹತ್ತಿ ಬಿಚ್ಚುವ ಜವಾಬ್ದಾರಿ ರಿಗ್ಗರ್‌ನದು. ಅವನು ಉಳ್ಳಾಲದ ಕಡೆಯ ಬ್ಯಾರಿ, ನಲವತ್ತು ದಾಟಿದವನು. ಎತ್ತರದ ಕೆಲಸದಲ್ಲಿ ಅವನಷ್ಟು ಜಾಗ್ರತೆಯ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ನಾನು ಕಾಪು ಕಡೆಯವನು. ಇಬ್ಬರೂ ಖೋಬರಿನಲ್ಲಿ ಒಂದೇ ಕಟ್ಟಡದಲ್ಲಿರುವುದು, ಒಂದೇ ಪಿಕಪ್ಪಿನಲ್ಲಿ ಹೋಗಿ ಬರುವುದು. ದಾರಿಯುದ್ದಕ್ಕೂ ಅರ್ಧ ತುಳು, ಅರ್ಧ ಕನ್ನಡ. ಅವನಿಗೆ ನಾನು ಶೆಟ್ರು, ನನಗೆ ಅವನು ಬ್ಯಾರಿ.

ನಿಲಯದ ಚರಿತ್ರೆಯನ್ನು ಗುತ್ತಿಗೆಯ ಕಡತದಲ್ಲಿದ್ದ ಹಳೆಯ ಕೈಪಿಡಿಯಿಂದ ಓದಿಕೊಂಡೆ. ಎಣ್ಣೆಯ ಕೆಲಸಕ್ಕೆ ಬಂದವರ ಕ್ಯಾಂಪುಗಳಿಗಾಗಿ ಒಂದು ಕಂಪನಿ ಕಟ್ಟಿಸಿದ ರೇಡಿಯೊ ಅದು. ಹಾಡು ಇಲ್ಲ, ಬರೀ ಮಾತು. ಬೆಳಿಗ್ಗೆ ಗಾಳಿ, ಬಿಸಿಲು, ರಸ್ತೆಯ ಸುದ್ದಿ. ಮಧ್ಯಾಹ್ನ ಫೋನ್ ಮಾಡಿದವರ ಪ್ರಶ್ನೆಗಳಿಗೆ ಡಾಕ್ಟರೋ ಇಕಾಮಾ, ಅಂದರೆ ವಾಸದ ಪರವಾನಗಿಯ ವಿಷಯ ಬಲ್ಲ ಗುಮಾಸ್ತನೋ ಉತ್ತರ ಹೇಳುವುದು. ಅರಬ್ಬಿ, ಇಂಗ್ಲಿಷ್, ಕೊನೆಗೆ ಒಂದು ಗಂಟೆ ಹಿಂದಿ-ಉರ್ದು. ಗ್ಯಾಸ್ ಸೋರಿದರೆ ಯಾವ ದಿಕ್ಕಿಗೆ ಓಡಬೇಕೆಂದು ಹೇಳುವುದೂ ಇದೇ ನಿಲಯದ ಕೆಲಸ. ಆಮೇಲೆ ಟಿವಿ ಬಂತು, ಎಫ್.ಎಂ. ಬಂತು, ಎಲ್ಲರ ಕೈಗೂ ಮೊಬೈಲು ಬಂತು, ಕೇಳುವವರು ಒಬ್ಬೊಬ್ಬರಾಗಿ ಬಿಟ್ಟರು. ನಾವು ಹೋಗುವಾಗ ಪ್ರಸಾರ ನಿಂತು ಎಷ್ಟೋ ವರ್ಷವಾಗಿತ್ತು. ಕರೆಂಟಿನ ಸಂಪರ್ಕ ಮಾತ್ರ ಯಾರೂ ತೆಗೆಸದೆ ಹಾಗೇ ಉಳಿದಿತ್ತು.

ಎ.ಎಂ. ಟವರಿನ ವಿಷಯ ಒಂದು ಹೇಳಲೇಬೇಕು. ಮೊಬೈಲ್ ಟವರಿನಲ್ಲಿ ಆಂಟೆನಾವನ್ನು ಮೇಲೆ ಕಟ್ಟಿರುತ್ತಾರೆ. ಇಲ್ಲಿ ಟವರೇ ಆಂಟೆನಾ. ಅಷ್ಟೂ ಕಬ್ಬಿಣ ಬುಡದಲ್ಲಿರುವ ಒಂದು ಪಿಂಗಾಣಿ ದಿಮ್ಮಿಯ ಮೇಲೆ ನಿಂತಿರುತ್ತದೆ, ನೆಲಕ್ಕೆ ತಾಗುವುದೇ ಇಲ್ಲ. ಪ್ರಸಾರ ಇರುವಾಗ ನೆಲದ ಮೇಲೆ ನಿಂತವನು ಅದನ್ನು ಮುಟ್ಟಿದರೆ ಕೈ ಸುಡುತ್ತದೆ. ಹತ್ತಲು ಹೋದವನು ಬೆಚ್ಚಿ ಕೈಬಿಟ್ಟರೆ ಮುಗಿಯಿತು. ಅದಕ್ಕೇ ಹತ್ತುವ ಮೊದಲು ಟವರಿಗೂ ನೆಲಕ್ಕೂ ದಪ್ಪ ತಾಮ್ರದ ಪಟ್ಟಿಯೊಂದನ್ನು ಜೋಡಿಸುವುದು ಕ್ರಮ. ಆದರೆ ಪಟ್ಟಿ ಜೋಡಿಸುವವನು ಟವರಿಗೆ ಕೈ ಹಚ್ಚಲೇಬೇಕಲ್ಲ. ಅವನ ಜೀವ ಇರುವುದು ನನ್ನ ಜೇಬಿನ ಕೀಲಿಯಲ್ಲಿ. ಬುಧವಾರ ಆ ಕೆಲಸ ಬ್ಯಾರಿ ಮಾಡುವುದೆಂದು ನಿಗದಿಯಾಗಿತ್ತು.

ಸೋಮವಾರ ಮಂಜು ಬಿತ್ತು. ಚಳಿಗಾಲದಲ್ಲಿ ಇಲ್ಲಿ ಕಡಲಿನಿಂದ ಎದ್ದು ಬರುವ ಮಂಜಿನಲ್ಲಿ ನಮ್ಮದೇ ಪಿಕಪ್ಪಿನ ಮೂತಿ ಕಾಣುವುದಿಲ್ಲ. ಆರು ಗಂಟೆಗೆ ಇಳಿದಾಗ ಟವರು ಎರಡಾಳೆತ್ತರದವರೆಗೆ ಇತ್ತು, ಅದರಿಂದ ಮೇಲೆ ಇರಲಿಲ್ಲ. ಕ್ರೇನಿನ ಕೊಕ್ಕೆ ನೋಡಿಕೊಳ್ಳುವ ಬಂಗಾಳಿ, ಗಡ್ಡ ನೆರೆತವನು, ಬೇಲಿಯ ಎದುರು ಕುಕ್ಕರಗಾಲಲ್ಲಿ ಕೂತಿದ್ದ. ನಮ್ಮನ್ನು ಕಂಡು ಎದ್ದು ಬಂದು, ಬೇಲಿ ಮಾತಾಡುತ್ತಿದೆ ಎಂದು ಹಿಂದಿಯಲ್ಲಿ ಹೇಳಿದ.

"ಇವನಿಗೆ ಚಾ ಸಿಕ್ಕಲಿಲ್ಲ ಅಂತ ಕಾಣ್ತದೆ," ಎಂದೆ ನಾನು.

"ಹೋಗಿ ಕೇಳಿ ಶೆಟ್ರೇ, ಎಂತ ಹೋಗ್ತದೆ," ಎಂದ ಬ್ಯಾರಿ.

ಹೋಗಿ ಕೇಳಿದೆ. ಬೇಲಿಯ ಗೇಟಿನ ತುಕ್ಕು ಹಿಡಿದ ಬಿಜಾಗರಿಯಿಂದ ಸಣ್ಣ ಗುಣುಗುಣು ಬರುತ್ತಿತ್ತು. ಏರಿಳಿತ ಇತ್ತು, ಅಲ್ಲಲ್ಲಿ ನಿಲ್ಲಿಸುತ್ತಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಪುಸ್ತಕ ನೋಡಿ ಓದುವ ಹಾಗೆ. ಕೇಳುತ್ತಾ ನಿಂತಂತೆ ಓದು ನಿಧಾನವಾಯಿತು. ದನಿ ದಪ್ಪವಾಗಿ, ಎಳೆದೆಳೆದು, ನಿದ್ದೆ ಬಂದವನ ಬಾಯಿಯಂತೆ ತೊದಲಿ ಎಂಟು ಗಂಟೆಯ ಸುಮಾರಿಗೆ ನಿಂತೇ ಹೋಯಿತು. ಆಗಲೇ ಬಿಸಿಲು ಬಿತ್ತು. ದೂರದಲ್ಲಿ ಎಲ್ಲೋ ಎಣ್ಣೆಯ ಪೈಪಿನ ಪಂಪು ಓಡುತ್ತಿರಬೇಕು, ನೆಲದಲ್ಲಿ ಅದರ ಅದುರು ಬಂದು ಬೇಲಿಗೆ ತಾಗುತ್ತಿರಬೇಕು ಎಂದು ಎಲ್ಲರಿಗೂ ವಿವರಿಸಿದೆ. ವಿವರಣೆ ಚೆನ್ನಾಗಿಯೇ ಇತ್ತು. ನನಗೇ ಅರ್ಧ ನಂಬಿಕೆ ಬಂತು.

ಮಂಗಳವಾರವೂ ಮಂಜು, ಮಂಜಿನೊಳಗೆ ಅದೇ ಗುಣುಗುಣು. ಏಳು ಗಂಟೆಗೆ ಕ್ರೇನಿನವನು ಅಳತೆ ನೋಡಲೆಂದು ಕೊಕ್ಕೆಯನ್ನು ಟವರಿನ ಪಕ್ಕ ಇಳಿಸಿದ. ಅದು ತೂಗಾಡದಿರಲಿ ಎಂದು ಬಂಗಾಳಿ ಹಿಡಿಯಲು ಹೋದ. ಒಮ್ಮೆಲೇ ಕೈ ಕೊಡವಿಕೊಂಡು ನೆಲದ ಮೇಲೆ ಕೂತುಬಿಟ್ಟ. ಕೂಗಲಿಲ್ಲ, ತನ್ನ ಬೆರಳನ್ನೇ ನೋಡುತ್ತಿದ್ದ. ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ. ರಕ್ತ ಇಲ್ಲ, ಗುಳ್ಳೆ ಇಲ್ಲ. ಉರಿ ಒಳಗೆ, ಎಲುಬಿನಲ್ಲಿದೆ ಎಂದ.

ಸೈಟ್ ಮ್ಯಾನೇಜರ್ ದಮ್ಮಾಮಿನ ಆಫೀಸಿನಿಂದ ಫೋನಿನಲ್ಲೇ ತೀರ್ಪು ಕೊಟ್ಟ. "ಸ್ಟ್ಯಾಟಿಕ್ ಅದು. ಮರುಭೂಮಿಯಲ್ಲಿ ಕಾರಿನ ಬಾಗಿಲು ಮುಟ್ಟಿದರೂ ಹೊಡೀತದೆ. ಬ್ಯಾಂಡೇಜ್ ಹಾಕಿ ಕೆಲಸ ಮುಂದುವರಿಸಿ, ಯಲ್ಲಾ, ಬೇಗ."

ನಾನು ಬಂಗಾಳಿಯ ಬೆರಳಿಗೆ ಮದ್ದು ಹಚ್ಚಿಸಿ, ಕಟ್ಟಡಕ್ಕೆ ಹೋಗಿ ಬೀಗ ನೋಡಿದೆ. ಕೆಂಪು ಬೀಗ ಇದ್ದ ಹಾಗೇ ಇತ್ತು. ಮೀಟರು ಹಿಡಿದು ಒಂದೊಂದೇ ತಂತಿ ತಪಾಸಣೆ ಮಾಡಿದೆ. ಎಲ್ಲ ಸೊನ್ನೆ. ಟವರಿನ ಹತ್ತಿರ ಹೋಗುವಾಗ ಎಂಟು ದಾಟಿತ್ತು, ಬೇಲಿ ಸುಮ್ಮನಾಗಿತ್ತು, ಅಲ್ಲಿಯೂ ಸೊನ್ನೆ. ಪಕ್ಕದ ಕಾಂಕ್ರೀಟು ಗೂಡಿಗೆ ಬೇರೆಯೇ ಬೀಗ, ಅದರ ಕೀಲಿ ನಮಗೆ ಕೊಟ್ಟಿರಲಿಲ್ಲ. ನಕಾಶೆಯಲ್ಲಿ ಅದನ್ನು ‘ಟವರ್ ದೀಪದ ಬ್ಯಾಟರಿ’ ಎಂದು ಬರೆದಿತ್ತು. ವಿಮಾನಗಳಿಗೆ ಕಾಣಲೆಂದು ತುದಿಯಲ್ಲಿ ಉರಿಯುವ ಕೆಂಪು ದೀಪಕ್ಕೆ. ಮಾಡಿನ ಮೇಲೆ ನಾಲ್ಕು ಸೋಲಾರ್ ಹಲಗೆಗಳೂ ಇದ್ದವು. ಸರಿ, ದೀಪದ್ದು ತಾನೇ ಎಂದು ಬಿಟ್ಟೆ. ನಾನು ಮಾಡಿದ ತಪ್ಪು ಅದೇ. ದೀಪಕ್ಕೆ ನಾಲ್ಕು ಹಲಗೆ ಯಾಕೆ ಎಂದು ಒಂದು ಮಾತು ಕೇಳಿಕೊಳ್ಳಲಿಲ್ಲ.

ಮಧ್ಯಾಹ್ನ ಪಿಕಪ್ಪಿನಲ್ಲಿ ಮರಳುವಾಗ ಟಾರು ರಸ್ತೆ ಸಿಕ್ಕಿದ ಮೇಲೆ ಬ್ಯಾರಿ ಬಾಯಿ ಬಿಟ್ಟ.

"ಶೆಟ್ರೇ, ಒಂದು ಹೇಳ್ತೇನೆ, ನಗಬಾರದು."

"ನಗುವಂಥದ್ದಾದ್ರೆ ನಗ್ತೇನೆ. ಹೇಳು."

"ಆ ಬೇಲಿ ಹೆಸರು ಓದ್ತಾ ಉಂಟು. ಹೆಸರು, ಅಪ್ಪನ ಹೆಸರು, ಊರು, ಜಿಲ್ಲೆ. ಹಿಂದಿಯಲ್ಲಿ. ಇವತ್ತು ಬೆಳಿಗ್ಗೆ ನಮ್ಮ ಉಪ್ಪನ ಹೆಸರು ಬಂತು."

ನಾನು ನಗಲಿಲ್ಲ. "ನಿಮ್ಮಲ್ಲಿ ಅರ್ಧ ಜನಕ್ಕೆ ಅದೇ ಹೆಸರು ಮಾರಾಯ," ಎಂದೆ.

"ಅಜ್ಜನ ಹೆಸರು ಸೇರಿಸಿ ಬಂತು. ಉಳ್ಳಾಲ, ಸೌತ್ ಕೆನರಾ ಅಂತ ಬಂತು. ಆಮೇಲೆ ಎಂತದೋ ಹೇಳಿದ್ರು, ದನಿ ಮುಳುಗಿ ಹೋಯ್ತು."

ಇಷ್ಟು ವರ್ಷ ಒಟ್ಟಿಗೆ ಇದ್ದೂ ಅವನ ಅಪ್ಪನ ವಿಷಯ ನನಗೆ ಗೊತ್ತಿರಲಿಲ್ಲ. ಅಂದು ಹೇಳಿದ. ತಾಯಿ ಬಸುರಿಯಾಗಿದ್ದಾಗ ಆ ಮನುಷ್ಯ ಕ್ಯಾಂಪೊಂದರ ಅಡುಗೆಮನೆಯ ಕೆಲಸಕ್ಕೆ ಈ ಕಡೆ ಬಂದದ್ದು. ಬಂದು ಮುಟ್ಟಿದೆ ಎಂದು ಒಂದು ಕಾಗದ ಹಾಕಿದ್ದ. ಮತ್ತೆ ಏನೂ ಇಲ್ಲ. ಉಮ್ಮ ಕಾಗದ ಬರೆಸಿದರು, ಉತ್ತರ ಬರಲಿಲ್ಲ. ಅಲ್ಲೇ ಬೇರೆ ಮದುವೆಯಾಗಿದ್ದಾನೆ ಎಂದು ಊರು ಹೇಳಿತು. ಊರಿನ ಬಾಯಿಗೆ ಬೀಗ ಹಾಕುವವರು ಯಾರು. ಉಮ್ಮ ಬೀಡಿ ಕಟ್ಟಿ ಮಗನನ್ನು ಸಾಕಿದರು.

"ನಾನು ಇಲ್ಲಿಗೆ ಬಂದು ಹದಿನಾರು ವರ್ಷ ಆಯ್ತು. ಒಂದು ದಿನ ಹುಡುಕಲಿಲ್ಲ. ಸಿಕ್ಕಿದ್ರೆ ಎಂತ ಕೇಳುವುದು? ನಾನು ಹುಟ್ಟಿದ್ದಾದ್ರೂ ಅವರಿಗೆ ಗೊತ್ತುಂಟಾ ಇಲ್ವಾ ಅಂತ ನನಗೆ ಗೊತ್ತಿಲ್ಲ. ಗೊತ್ತಿದ್ದೂ ಬಿಟ್ಟದ್ದಾದ್ರೆ ಬೇರೆ. ಗೊತ್ತೇ ಇಲ್ಲದಿದ್ರೆ ಬೇರೆ."

ಹೆದರಿಕೆ ಆಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನಾಳೆ ಟವರು ಹತ್ತಬೇಕಾದವನ ತಲೆ ಹೀಗಾದರೆ ಹೇಗೆ ಎಂಬ ಹೆದರಿಕೆ ಒಂದು. ಅವನ ತಲೆ ಸರಿಯಾಗಿಯೇ ಇದ್ದರೆ ಹೇಗೆ ಎಂಬುದು ಇನ್ನೊಂದು.

ಸಂಜೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ನಿಂತಾಗ ಕೈಗೆ ಒದ್ದೆ ತಾಗಿತು. ಅಲ್ಲಿಗೆ ತಲೆ ಓಡಿತು. ಸ್ಟ್ಯಾಟಿಕ್ ಹೊಡೆಯುವುದು ಒಣ ಹವೆಯಲ್ಲಿ. ಬೆಳಿಗ್ಗೆ ಕೊಕ್ಕೆಯಿಂದ ಮಂಜಿನ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆಯಲ್ಲಿ ಎಂತ ಸ್ಟ್ಯಾಟಿಕ್? ಆ ಬಿಳಿ ಚುಕ್ಕೆಯ ಸುಟ್ಟ ಗಾಯವನ್ನು ನಾನು ಹಿಂದೆಯೂ ನೋಡಿದ್ದೆ, ಪ್ರಸಾರ ನಡೆಯುತ್ತಿದ್ದ ಟವರುಗಳ ಹತ್ತಿರ. ಮೇಲಿನಿಂದ ಸಾಸಿವೆ, ಒಳಗೆ ಕೆಂಡ. ಆ ಕರೆಂಟು ಮನೆಯ ಕರೆಂಟಿನಂಥದ್ದಲ್ಲ, ನನ್ನ ಸಾಧಾರಣ ಮೀಟರಿಗೆ ಅದು ಕಾಣುವುದೇ ಇಲ್ಲ. ಹಾಗಾದರೆ ಟವರಿನಲ್ಲಿ ಪ್ರಸಾರ ಇದೆ. ಆದರೆ ಕೀಲಿ ನನ್ನ ಜೇಬಿನಲ್ಲಿದೆ. ಎರಡೂ ಹೇಗೆ ನಿಜವಾಗುತ್ತದೆ? 

ಬುಧವಾರ ಸೈಟಿಗೆ ಹೋದವನೇ ಕಟ್ಟಡದೊಳಗಿಂದ ಒಂದು ಟ್ಯೂಬ್‌ಲೈಟ್ ಬಿಚ್ಚಿಕೊಂಡೆ. ಹಳೆಯವರ ಉಪಾಯ ಅದು. ಪ್ರಸಾರ ಇರುವ ಟವರಿನ ಹತ್ತಿರ ಹಿಡಿದರೆ ತಂತಿಯ ಹಂಗಿಲ್ಲದೆ ಟ್ಯೂಬು ಬೆಳಗುತ್ತದೆ. ಪಟ್ಟಿ ಜೋಡಿಸುವುದು ಮಂಜು ಹರಿದ ಮೇಲೆ ತಾನೇ, ಪರೀಕ್ಷೆ ಮಾಡಿಯೇ ಹೇಳೋಣ ಎಂದು ಬ್ಯಾರಿಗೆ ಇನ್ನೂ ತಿಳಿಸಿರಲಿಲ್ಲ. ಉದ್ದನೆಯ ಟ್ಯೂಬನ್ನು ಎರಡು ಕೈಯಲ್ಲಿ ಹಿಡಿದು ಮಂಜಿನಲ್ಲಿ ನಡೆದೆ. ಇನ್ನೂರು ಹೆಜ್ಜೆಯಲ್ಲಿ ಕೊನೆಯ ಹತ್ತಿಪ್ಪತ್ತು ಉಳಿದಾಗ ಬೇಲಿಯ ಮಾತು ಕೇಳತೊಡಗಿತು. ಗೇಟು ತೆರೆದಿತ್ತು. ಒಳಗೆ ಬ್ಯಾರಿ.

ತಾಮ್ರದ ಪಟ್ಟಿ ಅವನ ಕಾಲ ಬಳಿ ಬಿದ್ದಿತ್ತು. ಗವಸು ಕಳಚಿದ್ದ. ಇನ್ನೂ ಚೆನ್ನಾಗಿ ಕೇಳಲೆಂದು ತಲೆ ಓರೆ ಮಾಡಿ ಕಿವಿಯನ್ನು ಟವರಿನ ಕಾಲಿನ ಕಡೆ ತರುತ್ತಿದ್ದ. ಆನಿಕೊಳ್ಳಲು ಎಡಗೈ ಮುಂದೆ ಚಾಚಿತ್ತು. ಕಬ್ಬಿಣಕ್ಕೂ ಅಂಗೈಗೂ ನಡುವೆ ಒಂದು ಗೇಣು. ನನ್ನ ಕೈಯೊಳಗಿನ ಟ್ಯೂಬು ಅಷ್ಟರಲ್ಲಿ ಟವರಿನ ಕಡೆಯ ತುದಿಯಿಂದ ಬೆಳಗಿತು, ಹಾಲಿನಂಥ ನೀಲಿ ಬೆಳಕು, ನಾನು ಒಂದು ಹೆಜ್ಜೆ ಮುಂದಿಟ್ಟರೆ ಟ್ಯೂಬಿನುದ್ದಕ್ಕೆ ಹರಿಯಿತು.

"ಬ್ಯಾರಿ, ಕೈ ಹಿಂದೆ ತೆಗಿ," ಎಂದೆ. ಜೋರಾಗಿ ಹೇಳಿದರೆ ಬೆಚ್ಚಿ ಮುಂದಕ್ಕೇ ಬೀಳುತ್ತಾನೆಂದು ಮೆಲ್ಲ ಹೇಳಿದೆ. "ನಿಧಾನ. ತಿರುಗಿ ನನ್ನನ್ನು ನೋಡು."

ತಿರುಗಿದ. ಟ್ಯೂಬನ್ನು ನೋಡಿದ, ಅದರ ಎರಡೂ ತುದಿ ಬರಿದಾಗಿರುವುದನ್ನು ನೋಡಿದ. ಕೈ ಎದೆಗೆ ಎಳೆದುಕೊಂಡು ಹಿಂದೆ ಹಿಂದೆ ನಡೆದು ಹೊರಗೆ ಬಂದ. ಟ್ಯೂಬನ್ನು ಮೆಲ್ಲ ನೆಲಕ್ಕಿಟ್ಟೆ. ಸಿಟ್ಟು ಬಂತು.

"ಗವಸು ಯಾಕೆ ತೆಗೆದದ್ದು? ನಿನಗೂ ಇವತ್ತು ಹೊಸದಾಗಿ ಕೆಲಸಕ್ಕೆ ಬಂದವನಿಗೂ ಎಂತ ವ್ಯತ್ಯಾಸ?"

"ನಿಮ್ಮ ಬೀಗ ಉಂಟಲ್ಲ ಶೆಟ್ರೇ," ಎಂದ.

ಕೆಲಸ ನಿಲ್ಲಿಸಿದೆ. ಮ್ಯಾನೇಜರ್‌ಗೆ ಫೋನ್ ಮಾಡಿದರೆ, "ಬೀಗ ನಿನ್ನದು, ಕೀಲಿ ನಿನ್ನ ಹತ್ತಿರ, ಮತ್ತೆ ಕರೆಂಟ್ ಎಲ್ಲಿಂದ ಬರ್ತದೆ? ಜಿನ್ನು ಬಿಟ್ಟಿತಾ?" ಎಂದು ಕೂಗಾಡಿದ. ಎಲ್ಲಿಂದಲೋ ಬರುತ್ತಿದೆ, ಗೂಡಿನ ಕೀಲಿ ಬೇಕು, ಅದಿಲ್ಲದೆ ಒಬ್ಬನನ್ನೂ ಬೇಲಿಯೊಳಗೆ ಬಿಡುವುದಿಲ್ಲ ಎಂದೆ. ಅನುಮತಿ ಪತ್ರದಲ್ಲಿ ಗೂಡಿನ ಹೆಸರೇ ಇಲ್ಲ ಎಂದ. ಹಾಗಾದರೆ ಪತ್ರವೇ ಬಂದು ಟವರು ಹತ್ತಲಿ ಎಂದು ಫೋನಿಟ್ಟೆ. ಸಂಜೆಯ ಹೊತ್ತಿಗೆ ಉತ್ತರ ಬಂತು. ಕೀಲಿ ಇರುವುದು ಖತೀಫ್‌ನಲ್ಲಿ, ಆ ನಿಲಯದ ಹಳೆಯ ಆಪರೇಟರ್ ಹತ್ತಿರ. ಗುರುವಾರ ಬೆಳಕು ಹರಿಯುವಾಗ ಬರುತ್ತಾರಂತೆ.

ಬಂದರು. ಎಪ್ಪತ್ತು ದಾಟಿದ ಸೌದಿ ಮುದುಕ, ಬಿಳಿ ಉದ್ದಂಗಿಯ ಮೇಲೆ ಹಳೆಯ ಕೋಟು. ತಮ್ಮ ತೋಟದ ಖರ್ಜೂರ ಒಂದು ಡಬ್ಬಿ ತಂದಿದ್ದರು, ಎಲ್ಲರಿಗೂ ಕೊಟ್ಟರು. ಕ್ಯಾಂಪಿನ ಕಾಲದಲ್ಲಿ ಕಲಿತ ಉರ್ದು ಇನ್ನೂ ನಾಲಿಗೆಯಲ್ಲಿತ್ತು. ಮಾತಾಡುತ್ತಾ ಮಂಜಿನಲ್ಲಿ ನಡೆದು ಬಂದವರು ಬೇಲಿಗೆ ಹತ್ತಿರವಾಗುತ್ತಿದ್ದಂತೆ ನಿಂತುಬಿಟ್ಟರು. ಬಾಯಲ್ಲಿದ್ದ ಖರ್ಜೂರದ ಬೀಜವನ್ನು ಕೈಗೆ ತೆಗೆದುಕೊಂಡರು.

"ಈ ದನಿಯ ಮನುಷ್ಯ ಸತ್ತು ಬಹಳ ವರ್ಷವಾಯಿತು," ಎಂದರು. "ಹೈದರಾಬಾದಿನವನು. ಅವನ ಗೋರಿಗೆ ನಾನೇ ಮಣ್ಣು ಹಾಕಿದ್ದೇನೆ."

ಬಂಗಾಳಿ ಅಲ್ಲಿಂದಲೇ ಹಿಂದೆ ಹೋದ. ನಾವು ಮೂವರು ಗೂಡಿನ ಬಾಗಿಲು ತೆರೆದೆವು.

ಒಳಗೆ ಒಂದು ಹಸಿರು ದೀಪ ಉರಿಯುತ್ತಿತ್ತು. ನೆಲದ ಮೇಲೆ ಸಾಲಾಗಿ ಬ್ಯಾಟರಿಗಳು, ಅವು ಮಾತ್ರ ಹೊಸವು. ಯಾವುದೋ ಗುತ್ತಿಗೆಯವನು ಮುದುಕರಿಂದ ಕೀಲಿ ತರಿಸಿಕೊಂಡು, ಇದು ಯಾತಕ್ಕೆಂದು ಕೇಳದೆ, ಪಟ್ಟಿಯಲ್ಲಿದೆ ಎಂದು ಬದಲಾಯಿಸುತ್ತಾ ಬಂದಿದ್ದ. ಗೋಡೆಗೆ ಆನಿಸಿ ಕಪಾಟಿನಂಥ ಒಂದು ಪೆಟ್ಟಿಗೆ. ಅದು ಪುಟ್ಟ ಪ್ರಸಾರ ಯಂತ್ರ, ಅದರ ಹೊಟ್ಟೆಯಲ್ಲಿ ಕೊನೆಯಿಲ್ಲದೆ ಸುತ್ತುವ ಒಂದು ಟೇಪು. ಮುದುಕರು ವಿವರಿಸಿದರು. ದೊಡ್ಡ ಅನಾಹುತವಾಗಿ ಕರೆಂಟು ಹೋದರೆ, ಸ್ಟುಡಿಯೊದಲ್ಲಿ ಮಾತಾಡುವವರೂ ಇಲ್ಲವಾದರೆ, ಈ ಪೆಟ್ಟಿಗೆ ತಾನಾಗಿ ಎದ್ದು ಟವರಿಗೆ ಜೋಡಿಸಿಕೊಂಡು, ಯಾವ ದಿಕ್ಕಿಗೆ ಓಡಬೇಕೆಂದು ಮೂರು ಭಾಷೆಯಲ್ಲಿ ಹೇಳುತ್ತಿರಬೇಕು. ಅದಕ್ಕೆಂದು ಇಟ್ಟದ್ದು. ಇಷ್ಟು ವರ್ಷ ಕರೆಂಟು ಇತ್ತು, ಇದು ಮಲಗಿತ್ತು. ಭಾನುವಾರ ನಾನು ಬೀಗ ಹಾಕಿದೆ. ಅನಾಹುತ ಆಯಿತೆಂದು ತಿಳಿದು ಅದು ಎದ್ದಿತು. ಬಿಸಿಲಿನಲ್ಲಿ ಬ್ಯಾಟರಿ ತುಂಬಿಕೊಂಡು, ನಾವು ಹೋದ ಮೇಲೆ ಸಂಜೆಗೆ ಶುರುಮಾಡಿ, ರಾತ್ರಿಯಿಡೀ ಯಾರೂ ಇಲ್ಲದ ಉಪ್ಪು ನೆಲಕ್ಕೆ ಓದಿ, ಬೆಳಿಗ್ಗೆ ಶಕ್ತಿ ತೀರಿದಾಗ ತೊದಲಿ ನಿಲ್ಲುತ್ತಿತ್ತು. ತುಕ್ಕು ಹಿಡಿದ ಬಿಜಾಗರಿ ಮುರುಕು ರೇಡಿಯೊದಂತೆ ಅದನ್ನು ಹಿಡಿದು ಆಡುತ್ತಿತ್ತು. ಜೀವ ಉಳಿಸಲೆಂದು ಹಾಕಿದ ನನ್ನ ಬೀಗವೇ ಟವರಿಗೆ ಜೀವ ಕೊಟ್ಟಿತ್ತು.

"ಆದರೆ ಇದು ಓಡುವ ದಿಕ್ಕು ಹೇಳುತ್ತಿಲ್ಲವಲ್ಲ," ಎಂದೆ.

ಮುದುಕರು ತಲೆ ತಗ್ಗಿಸಿದರು. ಆ ಟೇಪು ಸವೆದು ತುಂಡಾಗಿತ್ತಂತೆ. ಹೊಸದು ಬರುವವರೆಗೆ ಪರೀಕ್ಷೆಗೆ ಇರಲೆಂದು ಕೈಗೆ ಸಿಕ್ಕಿದ್ದೊಂದನ್ನು ಹಾಕಿದ್ದರು. ಹೊಸದು ಬರಲೇ ಇಲ್ಲ, ಅವರೂ ಮರೆತರು. ಸಂಜೆಯ ಉರ್ದು ಗಂಟೆಯ ಕೊನೆಗೆ ಪತ್ರದ ಕಾರ್ಯಕ್ರಮ ಇರುತ್ತಿತ್ತು. ಕ್ಯಾಂಪಿನ ಅಂಚೆಯಲ್ಲಿ ಯಾರ ಪತ್ರಗಳು ತೆಗೆದುಕೊಳ್ಳದೆ ಬಿದ್ದಿವೆಯೋ ಅವರ ಹೆಸರು, ಊರು ಓದುವುದು. ಹಾಕಿದ್ದು ಅಂಥದೊಂದು ದಿನದ ಟೇಪು.

ಬ್ಯಾರಿಗೆ ಇಷ್ಟು ಸಾಕಾಗಿತ್ತು. ಪೆಟ್ಟಿಗೆಯ ಹತ್ತಿರ ಹೋಗಿ ಕೂತ. ಪೆಟ್ಟಿಗೆಯಲ್ಲೇ ಒಂದು ಚಿಕ್ಕ ಸ್ಪೀಕರಿತ್ತು, ಗುಂಡಿ ತಿರುಗಿಸಿದರೆ ದನಿ ಸ್ಪಷ್ಟವಾಗಿ ಬಂತು. ಪೊನ್ನಾನಿಯ ಯಾರೋ, ಭಟ್ಕಳದ ಯಾರೋ, ಚಿತ್ತಗಾಂಗಿನ ಯಾರೋ. ನಡುನಡುವೆ ದನಿಯೇ ಇಲ್ಲದ ತೂತುಗಳು. ನಾನು ಬಗ್ಗಿ ನೋಡಿದೆ. ಟೇಪು ತಾಗಿ ಹೋಗುವ ಕಡೆ ಕಂದು ಹುಡಿ ಗುಡ್ಡೆಯಾಗಿತ್ತು. ಹಳೆಯ ಟೇಪು ಹಾಗೆಯೇ, ದನಿ ಇರುವುದು ಆ ಕಂದು ಲೇಪದಲ್ಲಿ, ಒಂದೊಂದು ಸುತ್ತಿಗೂ ಅದು ಉದುರುತ್ತದೆ. ನಾಲ್ಕು ರಾತ್ರಿ ಓಡಿ ಅರ್ಧ ಉದುರಿತ್ತು. ಇನ್ನೊಂದು ರಾತ್ರಿ ಓಡಿದರೆ ಬರೀ ಪ್ಲಾಸ್ಟಿಕ್ ಉಳಿಯುತ್ತದೆ. ಇಷ್ಟು ಸವೆದ ಮೇಲೆ ಈಗ ನಿಲ್ಲಿಸಿದರೆ ಜಿಗುಟಾಗಿ ಅಂಟಿಕೊಂಡು, ಹಿಂದಿನ ದಿನಗಳಂತೆ ಬಿಡಿಸಿಕೊಳ್ಳದೆ, ಮತ್ತೆ ಎಳೆದಾಗ ಹರಿಯುತ್ತದೆ.

ಫೋನು ಬಂತು. ಮ್ಯಾನೇಜರ್. ವಿಷಯ ಹೇಳಿದೆ. "ಸಿಕ್ಕಿತಲ್ಲ, ಫ್ಯೂಸ್ ಕಿತ್ತು ಹಾಕು, ಯಲ್ಲಾ," ಎಂದ. ಅವನು ಹೇಳಿದ್ದು ಸರಿ. ನಿಯಮವೂ ಅದೇ, ಬೇರೆ ಯಾರಾದರೂ ತಡ ಮಾಡಿದ್ದರೆ ನಾನೇ ಬೈಯುತ್ತಿದ್ದೆ. ಟವರಿಗೆ ಹೋಗುವ ತಂತಿಯನ್ನಷ್ಟೇ ಬಿಡಿಸಿ ಟೇಪನ್ನು ಓಡಲು ಬಿಡೋಣವೆಂದರೆ ಎರಡಕ್ಕೂ ಒಂದೇ ಸ್ವಿಚ್ಚು, ಒಂದು ನಿಂತರೆ ಇನ್ನೊಂದೂ ನಿಲ್ಲುವ ಜೋಡಣೆ. ಇವತ್ತು ಕೂತು ಯೋಚಿಸಿದರೆ ಬೇರೆ ದಾರಿ ಹೊಳೆಯಬಹುದು. ಅಂದು ಹೊಳೆಯಲಿಲ್ಲ.

"ಶೆಟ್ರೇ, ಒಂದು ಸುತ್ತು," ಎಂದ ಬ್ಯಾರಿ. ನನ್ನನ್ನು ನೋಡಲಿಲ್ಲ. "ಒಂದೇ ಸುತ್ತು."

"ಒಂದು ಸುತ್ತಿಗೆ ಎಷ್ಟು ಹೊತ್ತು?" ಎಂದು ಮುದುಕರನ್ನು ಕೇಳಿದೆ.

ಹದಿನೆಂಟು ನಿಮಿಷ ಎಂದರು. ಗಂಟೆ ಏಳು ದಾಟಿತ್ತು, ಬ್ಯಾಟರಿಯ ಮುಳ್ಳು ಆಗಲೇ ಕೆಂಪಿನ ಅಂಚಿನಲ್ಲಿತ್ತು. ನಾನು ಹೊರಗೆ ಹೋಗಿ ಕ್ರೇನಿನ ಕೈ ಪೂರ್ತಿ ಇಳಿಸಲು ಹೇಳಿ, ಕ್ರೇನಿನವನನ್ನೂ ಬಂಗಾಳಿಯನ್ನೂ ನಿಲಯದ ದೊಡ್ಡ ಗೇಟಿನಾಚೆ ಕಳಿಸಿದೆ. ಮುದುಕರು ಕೇಳದೆಯೇ ಬೇಲಿಯ ಬಾಗಿಲಿಗೆ ಅಡ್ಡ ನಿಂತರು. ನಾನು ಗೂಡಿನೊಳಗೆ ಬಂದು ಫೋನಿನಲ್ಲಿ ರೆಕಾರ್ಡ್ ಒತ್ತಿ ಸ್ಪೀಕರಿನ ಬಾಯಿಗೆ ಇಟ್ಟೆ. ಇನ್ನೊಂದು ಕೈ ಸ್ವಿಚ್ಚಿನ ಮೇಲೆ.

ಹೆಸರುಗಳು ಬಂದವು. ಸತ್ತವನೊಬ್ಬ ಬದುಕಿದ್ದಾರೋ ಇಲ್ಲವೋ ತಿಳಿಯದವರನ್ನು ಕರೆಯುತ್ತಿದ್ದ, ಬಹಳ ಮರ್ಯಾದೆಯಿಂದ, ಪ್ರತಿ ಹೆಸರಿನ ಮುಂದೆ ಜನಾಬ್ ಸೇರಿಸಿ. ಒಂದು ಹೆಸರು, ಒಂದು ಊರು, ಎಷ್ಟು ಪತ್ರ, ಯಾವ ತಿಂಗಳು. ಮತ್ತೆ ತೂತು. ತೂತು ಬಂದಾಗಲೆಲ್ಲ ಬ್ಯಾರಿ ಸ್ಪೀಕರಿನ ಕಡೆ ಬಾಗುತ್ತಿದ್ದ, ನಾನೂ. ದನಿ ನಿಧಾನವಾಗತೊಡಗಿತು. ಮುಳ್ಳು ಕೆಂಪಿಗೆ ಇಳಿಯಿತು. ಹನ್ನೊಂದು ನಿಮಿಷ, ಹದಿಮೂರು ನಿಮಿಷ. ಆಮೇಲೆ ಬಂತು. ಹೆಸರು, ಅಜ್ಜನ ಹೆಸರು, ಉಳ್ಳಾಲ, ಜಿಲ್ಲಾ ಸೌತ್ ಕೆನರಾ. ಎಳೆದೆಳೆದು ಹೇಳಿದರೂ ಒಂದಕ್ಷರ ಹಾರಲಿಲ್ಲ. ನಾಲ್ಕು ಪತ್ರಗಳು ಅಂಚೆಮನೆಯಲ್ಲಿವೆ. ಮಾರ್ಚ್, ಮೇ, ಆಗಸ್ಟ್, ನವೆಂಬರ್. ಯಾವುದನ್ನೂ ತೆಗೆದುಕೊಂಡಿಲ್ಲ. ಇವರನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮುಂದಿನವರ ಹೆಸರು ಶುರುವಾಗುವಾಗ ನಾನು ಸ್ವಿಚ್ಚು ಇಳಿಸಿದೆ. ಗೂಡು, ಬೇಲಿ, ಎಲ್ಲ ಒಟ್ಟಿಗೆ ಸುಮ್ಮನಾಯಿತು. ಆ ಮುಂದಿನ ಹೆಸರು ಯಾರದೋ. ನಾನು ಅದನ್ನು ಅರ್ಧದಲ್ಲಿ ನಿಲ್ಲಿಸಿದೆ, ಅದು ಈಗಲೂ ಚುಚ್ಚುತ್ತದೆ. ಟೇಪನ್ನು ಆಮೇಲೆ ತೆಗೆಯಲು ಹೋದಾಗ ಅಂಟಿಕೊಂಡು ಹರಿಯಿತು.

"ಪತ್ರ ತೆಗೆದುಕೊಳ್ಳದವರು ಏನಾಗುತ್ತಿದ್ದರು?" ಎಂದು ಒಳಗೆ ಬಂದ ಮುದುಕರನ್ನು ಕೇಳಿದೆ.

ಅವರು ಕೈ ಬಿಚ್ಚಿ ತೋರಿಸಿದರು. ಕೆಲವರನ್ನು ದೂರದ ಕ್ಯಾಂಪಿಗೆ ಕಳಿಸುತ್ತಿದ್ದರಂತೆ. ಕೆಲವರು ಕಫೀಲನನ್ನು, ಅಂದರೆ ವೀಸಾ ಕೊಟ್ಟ ಧಣಿಯನ್ನು, ಬಿಟ್ಟು ಓಡುತ್ತಿದ್ದರು. ಕೆಲವರು ಸಾಯುತ್ತಿದ್ದರು, ಊರಿಗೆ ತಿಳಿಸುವವರು ಇರುತ್ತಿರಲಿಲ್ಲ. ಕ್ಯಾಂಪಿನ ದಾಖಲೆ ಪುಸ್ತಕಗಳು ಈಗ ಎಲ್ಲೂ ಇಲ್ಲ.

ಬ್ಯಾರಿ ಊರಿಗೆ ಫೋನ್ ಹಚ್ಚಿದ. ಹೆಂಡತಿ ಎತ್ತಿದಳು, ಉಮ್ಮನಿಗೆ ಕೊಡು ಎಂದ. ಫೋನನ್ನು ಬ್ಯಾಟರಿಯ ಮೇಲಿಟ್ಟು ಸ್ಪೀಕರ್ ಹಾಕಿದ. ಬ್ಯಾರಿ ಭಾಷೆ ನನಗೆ ಮುಕ್ಕಾಲು ಅರ್ಥವಾಗುತ್ತದೆ. ಎಲ್ಲಿ, ಹೇಗೆ ಸಿಕ್ಕಿತೆಂದು ನಿಧಾನವಾಗಿ ಹೇಳಿದ. ಪತ್ರಗಳು ಅವರ ಕೈ ಸೇರಲೇ ಇಲ್ಲ, ಅದಕ್ಕೇ ಉತ್ತರ ಬಂದಿಲ್ಲ ಎಂದ. ಆಮೇಲೆ ನಾನು ನನ್ನ ಫೋನಿನಿಂದ ಆ ಅರ್ಧ ನಿಮಿಷವನ್ನು ಕೇಳಿಸಿದೆ. ಕೇಳಿ ಮುಗಿದ ಮೇಲೆ ಆಚೆಯಿಂದ ಉಮ್ಮನ ದನಿ ಬಂತು.

"ಎಷ್ಟು ಅಂತ ಹೇಳಿದ ಅವನು?"

"ನಾಲ್ಕು, ಉಮ್ಮ."

"ನಾನು ಬರೆಸಿದ್ದು ಐದು."

ಬ್ಯಾರಿ ನನ್ನ ಮುಖ ನೋಡಿದ.

"ಮಾರ್ಚಿನದ್ದು ಎರಡನೇದು," ಎಂದರು ಆ ತಾಯಿ. "ಮೊದಲಿನದ್ದು ಅದಕ್ಕಿಂತ ಮುಂಚೆ. ನೀನು ಹುಟ್ಟಿ ನಲವತ್ತು ದಿನ ಕಳೆದ ಮೇಲೆ ಮೇಷ್ಟ್ರ ಹತ್ತಿರ ಬರೆಸಿದ್ದು. ಅದು ಅಲ್ಲಿ ಬಿದ್ದಿಲ್ಲ ಅಂತಾದ್ರೆ ಅವರು ತಗೊಂಡಿದ್ದಾರೆ."

"ಅದರಲ್ಲಿ ಎಂತ ಬರೆಸಿದ್ದಿ?"

"ಎಂತ ಬರೆಸುವುದು. ಗಂಡು ಮಗು ಅಂತ. ನಿನಗೆ ಇಟ್ಟ ಹೆಸರು. ಅಷ್ಟೇ."

ಬ್ಯಾರಿ ಹ್ಞೂಂ ಎಂದ, "ಗೊತ್ತಿತ್ತು ಹಾಗಾದ್ರೆ," ಎಂದ. ಇಬ್ಬರೂ ಫೋನ್ ಇಡಲಿಲ್ಲ. ನಾನು ಹೊರಗೆ ಬಂದು ಬಾಗಿಲು ಮುಂದೆ ಎಳೆದೆ. ಮಂಜು ಕರಗಿತ್ತು, ಟವರು ತುದಿಯವರೆಗೂ ಕಾಣುತ್ತಿತ್ತು. ತಾಮ್ರದ ಪಟ್ಟಿಯನ್ನು ಆ ದಿನ ನಾನೇ ಜೋಡಿಸಿದೆ.